ಗಾಡಿ ಖಾತೆ

ಹದಿನೆಂಟು ತಿಂಗಳ ಪಗಾರ ಕೊಡಲಿಲ್ಲ ಖಣಿ ಮಾಲಕ,
ಬದಲಿಗೆ ಚಾವಿ ಕೊಟ್ಟ.
ಅಪ್ಪ ಮುನ್ಶಿ. ಮನಿಗೆ ಬಂದು ಹೊಸ ವಹಿ ಬಿಚ್ಚಿ
ಮೊದಲ ಸಾಲು ಬರೆದ:
ಜಮಾ. ಫಿಯಾಟ್ ಒಂದು. ಹಾಲಿನ ಬಣ್ಣ.
ಅವ್ವ ಕೇಳಿದಳು, ಇದನ್ನ ಬೀಸಿ ರೊಟ್ಟಿ ಬಡೀಲೇನು?

ಶಹಾಬಾದದಾಗ ಕಲ್ಲಿಗೇನು ಬರ.
ಅಂಗಳಕ್ಕ ಪರಸಿ ಹಾಸಿ, ಮ್ಯಾಲ ತಗಡು ಹೊಚ್ಚಿದರು.
ಮಳಿಗಾಲದಾಗ ಅದರ ಮನಿ ಸೋರಲಿಲ್ಲ,
ನಮ್ಮದು ಸೋರತಿತ್ತು.

ಅಪ್ಪ ಓಡಸಲಾಕ ಕಲೀಲೇ ಇಲ್ಲ.
ಕಲಿತಾಕಿ ನಾನು, ಹತ್ತೊಂಬತ್ತಕ್ಕ,
ಖಣಿಗೆ ಹೋಗೋ ಕಚ್ಚಾ ಹಾದ್ಯಾಗ.
ಜಿಲಾನಿ ಮಗ್ಗಲಿಗೆ ಕೂತು
ಹಿಂದಕ್ಕ ತೆರೆಯೋ ಬಾಗಿಲ ಗಟ್ಟಿ ಹಿಡಕೊಂಡು
"ಬಾಯಿ, ಕ್ಲಚ್ಚು. ಬಾಯಿ, ಕ್ಲಚ್ಚು" ಅಂತ
ಜಪ ಮಾಡತಿದ್ದ.

ಆಮ್ಯಾಲ ಮೂವತ್ತೊಂದು ವರ್ಷ ಚಿತ್ತಾಪುರದ ಸಾಲಿಗೆ,
ಹಿಂದಿನ ಸೀಟಿನಾಗ ಗಣಿತದ ಪೇಪರು,
ಪೇಪರ ಮ್ಯಾಲ ಕಲ್ಲಿನ ಧೂಳು.
ಮೇ ತಿಂಗಳ ಬಿಸಲಿಗೆ
ಪೆಟ್ರೋಲು ಪಂಪಿನೊಳಗೇ ಕುದ್ದು ಆವಿಯಾಗಿ
ನಡು ಹಾದ್ಯಾಗ ಗಾಡಿ ಉಸಿರು ಬಿಡೋದು.
ಕುಡ್ಯೋ ನೀರಾಗ ಕರವಸ್ತ್ರ ತೋಯಿಸಿ
ಪಂಪಿನ ನೆತ್ತಿಗೆ ಹಾಕಿ
ಬೇವಿನ ತೆಳಗ ನಿಲ್ಲತಿದ್ದೆ,
ಜ್ವರದ ಕೂಸಿನ ಹಣಿಗೆ ಹಾಕಿದಂಗ.
ನನಗ ಕೂಸಿಲ್ಲ. ಜನ ಅದರ ಮ್ಯಾಲೇ ಮಾತು ಕಟ್ಟಿದರು.
ಕಟ್ಟಲಿ.

ವಹಿ ತುಂಬತಾ ಬಂತು. ಅಪ್ಪನ ಅಕ್ಷರ ಮುಗಿದಲ್ಲಿ ನಂದು ಶುರು:
ಕ್ಲಚ್ ಪ್ಲೇಟು, ಹೈದರಾಬಾದ ಗುಜರಿ, ಅರವತ್ತು ರೂಪಾಯಿ.
ರಬ್ಬರ್ ಬುಶ್ಶು ಎಲ್ಲೂ ಸಿಗಲಿಲ್ಲ.
ಜಿಲಾನಿ ತನ್ನ ಹಳೀ ಚಪ್ಪಲಿ ಕೊಯ್ದು ಹಾಕಿದ, ಖರ್ಚು ಎರಡು ಚಹಾ.
ಆ ಚಪ್ಪಲಿ ಹನ್ನೊಂದು ವರ್ಷ ನಡೀತು,
ಕಾಲಾಗಿದ್ದರ ಆರು ತಿಂಗಳು.

ಮೊದಲು ಜಿಲಾನಿ ಕಣ್ಣು ಹ್ವಾದವು,
ಆಮ್ಯಾಲ ನನ್ನ ಮೊಣಕಾಲು.
ಬಾನೆಟ್ಟಿಗೆ ಕಿವಿ ಹಚ್ಚಿ ಹೇಳತಿದ್ದ ಆತ:
"ಮೂರನೇ ವಾಲ್ವು ಸುಳ್ಳು ಹೇಳಲಾಕತ್ತದ."
ಕ್ಲಚ್ ತುಳಿಯೋ ಕಾಲೇ ಒಲ್ಲೆ ಅಂದ ದಿನ
ಮಾರತೀನಿ ಅಂದೆ. ಆತ ಏನೂ ಅನ್ನಲಿಲ್ಲ,
ಪಾನಾ ಎಲ್ಲಾ ಎಣಿಸಿ ಅರಿಬ್ಯಾಗ ಸುತ್ತಿದ.

ಕೊಳ್ಳಲಾಕ ಬಂದವ ಹುಮನಾಬಾದ ಹಾದಿ ಮ್ಯಾಲ
ಹೋಟೆಲ್ ಇಟ್ಟಾವ, ಸಂಗ್ರಾಮಪ್ಪ ಅಂತ.
ನಸುಕಿನ್ಯಾಗ ಎದ್ದು ಪ್ಲಗ್ಗು ಉಜ್ಜಿ
ಒಂದೇ ಸೆಲ್ಫಿಗೆ ಏಳಲಿ ಅಂತ
ಇಂಜಿನ್ ಬೆಚ್ಚಗ ಮಾಡಿ ಇಟ್ಟಿದ್ದೆ.
ಆತ ಚಾವಿ ಮುಟ್ಟಲಿಲ್ಲ.
ಬಾನೆಟ್ಟಿನ ಮ್ಯಾಲ ಬೆರಳಿಲೆ ಬಡದು ನೋಡಿದ,
ಕಲ್ಲಂಗಡಿ ಹಣ್ಣು ನೋಡಿದಂಗ.
"ಹೋಟೆಲ್ ಮುಂದ ನಿಂದರಸ್ತೀವಿ ಬಾಯಾರ,
ಮಂದಿ ಫೋಟೋ ತಗೋತಾರ.
ಇದರಾಗ ಮಣ್ಣು ತುಂಬಿ ಚೆಂಡುಹೂ ಹಚ್ಚತೀವಿ."

ಮುನ್ಶಿ ಮಗಳು ನಾನು, ಜಗಳ ಆಡಲಿಲ್ಲ.
ಹಂಗಾದ್ರ ಇಂಜಿನ್ ನಿಮಗ ಸುಮ್ಮನ ಭಾರ ಅಲ್ಲೇನ್ರಿ, ಅಂದೆ.
ಆತ ನಕ್ಕ. ಗುಜರಿ ಲೆಕ್ಕದಾಗ ಏಳು ಸಾವಿರ ಮುರಕೊಂಡ.
ಲಾರಿ ಮ್ಯಾಲ ಹೊಂಟಿತು ಹಾಲಿನ ಬಣ್ಣ,
ಉಂಡು ತೊಳದ ಡಬ್ಬಿಯಂಗ ಹಗುರ.
ತಿರುವಿನ್ಯಾಗ ಬಾಗಿಲು ತಾನೇ ತೆರೀತು,
ಯಾರೋ ಒಳಗಿಂದ ಮುಚ್ಚಿದರು.

ಈಗ ಪರಸಿ ಮ್ಯಾಲ, ಕಟ್ಟಿಗೆಯ ಚೌಕಟ್ಟಿನಾಗ
ಇಂಜಿನ್ ಕೂತದ. ರೇಡಿಯೇಟರ್ ಸೈತ.
ಶನಿವಾರ ಸಂಜಿಗೆ ಜಿಲಾನಿ
ಮೊಮ್ಮಗನ ಹೆಗಲ ಹಿಡಕೊಂಡು ಬರತಾನ.
ಸಲಾಯಿನ್ ಬಾಟ್ಲಿಗೆ ಪೆಟ್ರೋಲ್ ತುಂಬಿ
ತಗಡಿನ ಕೊಕ್ಕಿಗೆ ತೂಗ ಹಾಕಿ
ನಳಿಗಿ ಕಾರ್ಬೊರೇಟರಿಗೆ ಇಳಿಬಿಟ್ಟು
ತಂತಿಗೆ ತಂತಿ ಮುಟ್ಟಸತಾನ.
ಏಳತದ. ಎಲ್ಲಿಗೂ ಹೋಗಂಗಿಲ್ಲ, ಖರೇ,
ಆದರ ಏಳತದ.
ಕುರ್ಚಿ ಹಾಕ್ಕೊಂಡು ಇಬ್ಬರೂ ಕೇಳತೀವಿ.
ಆತ ಕಣ್ಣು ಮುಚ್ಚಿ ಕೇಳತಾನ. ತೆರದರೂ ಅಷ್ಟೇ,
ಆದರೂ ಮುಚ್ಚತಾನ.

ಹ್ವಾದ ವಾರ, ಸಪ್ಪಳ ಕೇಳಿ,
ಓಣಿಗೆ ಹೊಸದಾಗಿ ಬಂದ ಹೆಣಮಗಳೊಬ್ಬಾಕಿ
ಟೊಂಕದ ಮ್ಯಾಲ ಜ್ವಾಳದ ಡಬ್ಬಿ ಇಟಗೊಂಡು
ಗೇಟಿನ್ಯಾಗ ನಿಂತಳು:
"ಗಿರಣಿ ಚಾಲೂ ಆಗ್ಯಾದೇನ್ರಿ? ಕಿಲೋಕ್ಕ ಎಷ್ಟು?"

ಜಿಲಾನಿ ನನ್ನ ಕಡಿ ಮಾರಿ ತಿರಗಿಸಿದ.
ನಾ ವಹಿ ತರಲಾಕ ಒಳಗ ಹ್ವಾದೆ.